ವಾಕ್ ಎಂಬ ಪದಕ್ಕೆ ನಾನು ಕಲಿಸಿದ ಅರ್ಥಗಳು

ನಡೆಯುವುದಕ್ಕೆ ಇಂಗ್ಲಿಷಿನಲ್ಲಿರುವ ಪದಗಳಲ್ಲಿ ಇಪ್ಪತ್ತೇಳು ನನಗೆ ಬಾಯಿಪಾಠ. ಇದನ್ನು ಎದೆಯುಬ್ಬಿಸಿ ಹೇಳುತ್ತಿದ್ದ ಕಾಲವೊಂದಿತ್ತು. ಈಗ ತಪ್ಪೊಪ್ಪಿಗೆಯ ದನಿಯಲ್ಲಿ ಹೇಳುತ್ತಿದ್ದೇನೆ. ಹುನಗುಂದದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದವನು ನಾನು. ನಿವೃತ್ತರಾದವರಿಗೆ ಹೊಲವೋ ಮಠದ ಕಮಿಟಿಯೋ ಏನಾದರೊಂದು ಉಳಿದಿರುತ್ತದೆ. ನನಗೆ ಉಳಿದದ್ದು ಈ ಪದಗಳು. ಹಲ್ಲುಜ್ಜುವಾಗಲೂ ಸ್ಟ್ರೋಲ್, ಸಾಂಟರ್, ಪ್ಲಾಡ್, ಟ್ರಜ್ ಎಂದು ಒಂದರ ಹಿಂದೊಂದು ನಾಲಿಗೆಗೆ ಬರುತ್ತವೆ. "ಏನ್ರಿ, ಮುಂಜಾನೆದ್ದು ಯಾರಿಗೆ ಬೈಯಾಕತ್ತೀರಿ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳುತ್ತಾಳೆ.

ವಾಕ್ ಎಂದರೆ ನಡೆ. ಮಕ್ಕಳಿಗೆ ಅಷ್ಟು ಹೇಳಿ ಮುಂದಿನ ಪಾಠಕ್ಕೆ ಹೋಗಿದ್ದರೆ ಯಾರೂ ಕೇಳುವವರಿರಲಿಲ್ಲ. ಆದರೆ ಆ ಪದದ ಬಳಗವನ್ನು ಕಂಡರೆ ನನಗೇನೋ ಮೋಹ. ಕೆಲಸವಿಲ್ಲದೆ ಗಾಳಿಗೆ ನಡೆದರೆ ಸ್ಟ್ರೋಲ್. ದಿನವಿಡೀ ಕಳೆ ಕಿತ್ತು ಮೈ ಹಣ್ಣಾಗಿ ಮನೆಗೆ ಬಂದರೆ ಟ್ರಜ್. ಹೊಸ ಬೂಟು ಹಾಕಿಕೊಂಡು ಎದೆ ಮುಂದೆ ಮಾಡಿ ಹೋದರೆ ಸ್ವ್ಯಾಗರ್. ಬಾತುಕೋಳಿಯ ಹಾಗೆ ಅತ್ತಿತ್ತ ತೂಗುತ್ತ ಹೋದರೆ ವಾಡಲ್. ಬಾಯಿಮಾತಿನಲ್ಲಿ ಹೇಳಿದರೆ ಸಾಲದೆಂದು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ನಡೆಸಿಯೇ ತೋರಿಸುತ್ತಿದ್ದೆ. ಒಮ್ಮೆ ಶಾರದಾ ಎಂಬ ಹುಡುಗಿಯ ಪಾಲಿಗೆ ವಾಡಲ್ ಬಂತು. ಅವಳು ಎರಡೂ ಕೈ ಹಿಂದೆ ಕಟ್ಟಿ, ಹೊಟ್ಟೆ ಮುಂದೆ ಬಿಟ್ಟು, ಕಪ್ಪುಹಲಗೆಯಿಂದ ಬಾಗಿಲ ತನಕ ಎಷ್ಟು ಚೆನ್ನಾಗಿ ನಡೆದಳೆಂದರೆ ಇಡೀ ತರಗತಿ "ಹೆಡ್ಮಾಸ್ತರ್ರು!" ಎಂದು ಕೂಗಿತು. ಬಾಗಿಲಲ್ಲಿ ಅವರೇ ನಿಂತಿದ್ದರು. ತಿರುಗಿ ಹೋದರು. ಹೋಗುವಾಗ, ಪಾಪ, ಬಹಳ ನೆಟ್ಟಗೆ ನಡೆದರು. ಆ ವರ್ಷ ನಾನು ಕೊಟ್ಟ ರಜೆ ಅರ್ಜಿಗಳು ಮಾತ್ರ ಅವರ ಮೇಜಿನಿಂದ ಕದಲಲೇ ಇಲ್ಲ.

ಕನ್ನಡದಲ್ಲಿ ಇಷ್ಟು ಪದಗಳು ಯಾಕಿಲ್ಲ ಎಂದು ಜಾಣ ಮಕ್ಕಳು ಕೇಳುತ್ತಿದ್ದರು. ಇಲ್ಲ ಎಂದು ಒಪ್ಪಿಕೊಳ್ಳಲು ನನಗೆ ಮನಸ್ಸಾಗುತ್ತಿರಲಿಲ್ಲ. ಅಡ್ಡಾಡು, ಅಲೆ, ತೂರಾಡು, ತೆವಳು ಎಂದು ಒಂದಿಷ್ಟನ್ನು ಎಣಿಸಿ, ಆಮೇಲೆ ನನ್ನ ಸಿದ್ಧಾಂತವನ್ನು ಬಿಚ್ಚುತ್ತಿದ್ದೆ. ಕನ್ನಡ ನಡೆ ಎಂಬ ಒಂದೇ ಪದವನ್ನು ಇಟ್ಟುಕೊಂಡು ಅದರ ಹಿಂದೆ ಕಾಲಿನ ಸಪ್ಪಳವನ್ನು ಕೂಡಿಸುತ್ತದೆ: ಸರಸರ ನಡೆದ, ಬಿರಬಿರನೆ ನಡೆದ, ದಡದಡ ನಡೆದ. ಇಂಗ್ಲಿಷಿನವರು ನಡೆಯುವವನ ಮೈಯನ್ನು ನೋಡಿ ಹೆಸರಿಟ್ಟರು. ನಾವು ಒಳಮನೆಯಲ್ಲಿ ಕುಳಿತು ಕಿವಿಗೆ ಬಿದ್ದದ್ದನ್ನು ಹೇಳಿದೆವು. ಕಿಟಕಿಯಿಲ್ಲದ ಮಣ್ಣಿನ ಮನೆಗಳಲ್ಲಿ ಬೆಳೆದ ಭಾಷೆಯಲ್ಲವೇ ನಮ್ಮದು? ಈ ಸಿದ್ಧಾಂತವನ್ನು ಯಾವ ವಿದ್ವಾಂಸರೂ ಒಪ್ಪಿಲ್ಲ, ಯಾಕೆಂದರೆ ಯಾವ ವಿದ್ವಾಂಸರಿಗೂ ನಾನು ಹೇಳಿಲ್ಲ.

ಇಂಗ್ಲಿಷಿಗೂ ಕೈಕೊಡುವ ನಡಿಗೆಗಳು ನಮ್ಮಲ್ಲಿವೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಾದಾಮಿಯಲ್ಲಿ ಗೈಡ್ ಆಗಿದ್ದಾನೆ. ಒಂದು ಮಧ್ಯಾಹ್ನ ಬನಶಂಕರಿಯಿಂದ ಫೋನ್ ಮಾಡಿದ. "ಸರ, ಇಲ್ಲಿ ಹೆಣ್ಮಕ್ಕಳು ದೀಡ ನಮಸ್ಕಾರ ಹಾಕಾಕತ್ತಾರ್ರಿ. ಒಬ್ಬಾಕಿ ಫಾರಿನ್ನದಾಕಿ ಇವರು ಏನ ಮಾಡಾಕತ್ತಾರ ಅಂತ ಗಂಟುಬಿದ್ದಾಳ. ಏನ ಹೇಳಲಿ?" ಒದ್ದೆ ಸೀರೆಯಲ್ಲಿ ನೆಲಕ್ಕೆ ಉದ್ದಕ್ಕೆ ಮಲಗಿ, ಕೈ ಮುಟ್ಟಿದಲ್ಲಿ ಗೆರೆ ಎಳೆದು, ಎದ್ದು ಆ ಗೆರೆಯ ತನಕ ಹೋಗಿ, ಮತ್ತೆ ಮಲಗಿ, ಮೈಯಿಂದಲೇ ದಾರಿಯನ್ನು ಅಳೆಯುತ್ತ ಗುಡಿ ಮುಟ್ಟುವುದಕ್ಕೆ ಪದ ಬೇಕಾಗಿತ್ತು ಅವನಿಗೆ. ನನ್ನ ಇಪ್ಪತ್ತೇಳನ್ನೂ ಹರವಿಕೊಂಡು ಕುಳಿತೆ. ಒಂದೂ ಹೊಂದಲಿಲ್ಲ. ನಾನು ಯೋಚಿಸುತ್ತಿರುವಾಗಲೇ ಅವನು, "ಆತ ಬಿಡ್ರಿ ಸರ, ವಾಕಿಂಗ್ ಬೈ ಸ್ಲೀಪಿಂಗ್ ಅಂದೆ. ಬರ್ಕೊಂಡ್ಲು" ಎಂದು ಫೋನ್ ಇಟ್ಟ. ನನಗೆ ನಗು ಬಂತು, ಅಭಿಮಾನವೂ ಆಯಿತು. ಶಬ್ದ ಸಿಗದಾಗ ಸುಮ್ಮನಿರುವ ಶಿಷ್ಯನನ್ನು ನಾನು ತಯಾರು ಮಾಡಿರಲಿಲ್ಲ.

ಇನ್ನು ವಾಕಿಂಗ್ ಎಂಬುದು ಈಗ ಅಪ್ಪಟ ಕನ್ನಡ ಪದ. ಅದರ ಅರ್ಥ ನಡೆಯುವುದು ಎಂದಲ್ಲ, ಸಕ್ಕರೆ ಕಾಯಿಲೆ ಇದೆ ಎಂದು. ಕೂಲಿಗೆ ಐದು ಮೈಲಿ ನಡೆದು ಹೋಗುವವರನ್ನು ವಾಕಿಂಗ್ ಹೋದರು ಎಂದು ಯಾರೂ ಅನ್ನುವುದಿಲ್ಲ. ನಮ್ಮ ಓಣಿಯ ವ್ಯಾಪಾರಿಯೊಬ್ಬರು ಮನೆಯಿಂದ ಕಾಲೇಜು ಮೈದಾನಕ್ಕೆ ಮೋಟರ್ ಸೈಕಲ್ಲಿನಲ್ಲಿ ಬಂದು, ಅಲ್ಲಿ ಆರು ಸುತ್ತು ನಡೆದು, ಮತ್ತೆ ಮೋಟರ್ ಸೈಕಲ್ಲೇರಿ ಮನೆಗೆ ಹೋಗುತ್ತಾರೆ. ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ. ಏಳನೆಯ ಸುತ್ತಿಗೆ ಅವರ ಹಿಂದೆ ಕುಳಿತು ಮನೆಗೆ ಬರುವವನು ನಾನೇ. ನಮ್ಮ ಅವ್ವ ಬಿಟ್ಟುಹೋದ ಆಸ್ತಿ ಎಂದರೆ ಈ ಸಕ್ಕರೆ ಕಾಯಿಲೆಯೊಂದೇ. ಅದನ್ನು ನಾನೂ ನಮ್ಮ ಅಕ್ಕನೂ ಸಮನಾಗಿ ಹಂಚಿಕೊಂಡೆವು.

ಅಕ್ಕನ ಹೆಸರು ನೀಲವ್ವ. ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಇಳಕಲ್ಲಿನ ನೇಕಾರರ ಓಣಿಗೆ ಸೊಸೆಯಾಗಿ ಹೋಗಿ, ಗಂಡನಿಂದ ಮಗ್ಗ ಕಲಿತು, ಗಂಡ ತೀರಿಹೋದ ಮೇಲೂ ಅದನ್ನು ಬಿಡಲಿಲ್ಲ. ಮನೆಯಲ್ಲಿ ಎರಡು ಮಗ್ಗ. ಒಂದಕ್ಕೆ ಅಕ್ಕ, ಇನ್ನೊಂದಕ್ಕೆ ಅವಳ ಮಗ ಬಸು. ಆ ಮಗ್ಗವನ್ನು ನೋಡದವರಿಗೆ ಒಂದು ಮಾತು: ಅದು ನೆಲದಲ್ಲಿ ತೋಡಿದ ಕುಣಿಯ ಮೇಲೆ ಇರುತ್ತದೆ. ನೇಯುವವರು ನೆಲದಂಚಿಗೆ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಡುತ್ತಾರೆ. ಮೇಲೆ ಕೈ ಲಾಳಿಯನ್ನು ಓಡಿಸುತ್ತಿರುವಾಗ ಕೆಳಗೆ ಕಾಲು ಎರಡು ತುಳಿಹಲಗೆಗಳನ್ನು ಒಂದಾದ ಮೇಲೊಂದು ಒತ್ತುತ್ತಿರುತ್ತದೆ. ಕುಣಿ ಕತ್ತಲು, ಕಾಲು ಯಾರಿಗೂ ಕಾಣುವುದಿಲ್ಲ. ಹಾಗಾಗಿ ಇಳಕಲ್ಲಿನಲ್ಲಿ ಎಲ್ಲರೂ ಮಗ್ಗಕ್ಕೆ 'ಕೂಡುವುದು', ಅಂದರೆ ಕುಳಿತುಕೊಳ್ಳುವುದು, ಎನ್ನುತ್ತಾರೆ. ಅದನ್ನು ಕಾಲಿನ ಕೆಲಸ ಎಂದು ಯಾರೂ ಎಣಿಸುವುದಿಲ್ಲ, ನಾನೂ ಎಣಿಸಿರಲಿಲ್ಲ.

ಅಕ್ಕನಿಗೆ ಇನ್ನೊಂದು ಕೆಲಸವಿತ್ತು. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರು ಸಾವಿರಗಟ್ಟಲೆ ಇಳಕಲ್ಲಿನ ಮೇಲೆ ಹಾಯ್ದು ಹೋಗುತ್ತಾರೆ. ಕೆಲವರು ಬರಿಗಾಲಲ್ಲಿ, ಕೆಲವರು ಹೆಗಲ ಮೇಲೆ ಮಲ್ಲಯ್ಯನ ಕಂಬಿ ಎಂಬ ಕಾವಡಿ ಹೊತ್ತು, ಒಬ್ಬಿಬ್ಬರು ಆಳೆತ್ತರದ ಮರಗಾಲು ಕಟ್ಟಿಕೊಂಡು. ಊರ ಹೊರಗೆ ರಸ್ತೆ ಬದಿಗೆ ಹಂದರ ಹಾಕಿ ಅವರಿಗೆ ಊಟ, ಮಜ್ಜಿಗೆ, ಮಲಗಲು ಜಮಖಾನೆ ಎಲ್ಲ ಕೊಡುತ್ತಾರೆ. ಅಕ್ಕ ಪ್ರತಿವರ್ಷ ಅಲ್ಲಿ ಬಿಸಿನೀರಿನ ಬೋಗುಣಿ ಮುಂದಿಟ್ಟುಕೊಂಡು ಕೂತು, ಬಂದವರ ಗುಳ್ಳೆ ಎದ್ದ ಕಾಲುಗಳನ್ನು ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಯಾರ ಕಾಲು ಎಂದು ಮುಖ ಎತ್ತಿಯೂ ನೋಡುತ್ತಿರಲಿಲ್ಲ. "ನೀನೂ ಒಮ್ಮೆ ನಡಕೊಂಡು ಹೋಗಿ ಬರಬಾರದೇನಕ್ಕಾ" ಎಂದರೆ, "ನಂಗೆಲ್ಲಿ ಪುರಸೊತ್ತು? ಅವರ ಕಾಲಾಗ ನಾನೂ ಹೋಗಿಬರತೇನಿ" ಎನ್ನುತ್ತಿದ್ದಳು.

ಕಳೆದ ವರ್ಷ ಯುಗಾದಿ ಇನ್ನೂ ನಾಲ್ಕು ವಾರ ಇರುವಾಗ ಅವಳ ಬಲಗಾಲಿನ ಎರಡು ಬೆರಳು ಕಪ್ಪಾದವು. ಬಸುವಿಗೆ ನೇಯ್ದ ಸೀರೆಯನ್ನು ಅಂಗಡಿಗೆ ಮುಟ್ಟಿಸುವ ಗಡಿಬಿಡಿ. "ಮಾಮಾ, ಡಾಕ್ಟ್ರು ಇಂಗ್ಲಿಷ್ ಮಾತಾಡ್ತಾರಂತ. ನೀವ ಕರಕೊಂಡು ಹೋಗ್ರಿ, ನಿಮಗಾದ್ರ ತಿಳಿತೈತಿ" ಎಂದ. ಒಳಗೊಳಗೇ ಉಬ್ಬಿದೆ. ಅಕ್ಕನನ್ನು ಕರೆದುಕೊಂಡು ಬಾಗಲಕೋಟೆಯ ನವನಗರದ ಒಂದು ದವಾಖಾನೆಗೆ ಹೋದೆ. ಡಾಕ್ಟರು ಬೇರೆ ರಾಜ್ಯದವರು, ಇನ್ನೂ ಚಿಕ್ಕ ವಯಸ್ಸು. ಕಲಿತಷ್ಟು ಕನ್ನಡದಲ್ಲಿ ಅಕ್ಕನನ್ನು ಕೇಳಿದರು:

"ಅಮ್ಮಾ, ದಿನಾ ಎಷ್ಟು ನಡೀತೀರಿ?"

"ನಾ ಎಲ್ಲಿ ನಡಿತೇನ್ರಿ ಸಾಹೇಬ್ರ? ಮಗ್ಗಕ್ಕ ಕುಂತೇನಂದ್ರ ಊಟಕ್ಕ ಏಳೋದು."

ಡಾಕ್ಟರಿಗೆ ಪೂರ್ತಿ ತಿಳಿಯಲಿಲ್ಲ, ನನ್ನ ಕಡೆ ನೋಡಿದರು. "ಶಿ ಹಾರ್ಡ್ಲಿ ವಾಕ್ಸ್" ಎಂದೆ. ವಾಕ್ಯ ಚೊಕ್ಕವಾಗಿತ್ತು. ಕುಣಿಯ ಸಂಗತಿ ನನ್ನ ತಲೆಗೆ ಬರಲೇ ಇಲ್ಲ.

ಆಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು. ಎರಡು ಬೆರಳು ಸತ್ತಿವೆ. ಈ ವಾರದೊಳಗೆ ತೆಗೆಯಬೇಕು. ತಡ ಮಾಡಿದರೆ ವಿಷ ಮೇಲಕ್ಕೆ ಏರುತ್ತದೆ, ಆಗ ಬೆರಳಿಗೆ ನಿಲ್ಲುವುದಿಲ್ಲ, ಕಾಲೇ ಹೋಗುತ್ತದೆ. ಅಲ್ಲಿಯ ತನಕ ಆ ಪಾದದ ಮೇಲೆ ಯಾವ ಭಾರವೂ ಬೀಳಕೂಡದು. ಅವರು ಬಳಸಿದ ಪದಗಳಲ್ಲಿ ಒಂದೂ ಕಠಿಣವಲ್ಲ. ನನ್ನ ಎಂಟನೆಯ ತರಗತಿಯ ಮಕ್ಕಳೂ ಅನುವಾದ ಮಾಡಿ ಪೂರ್ತಿ ಅಂಕ ತೆಗೆದುಕೊಳ್ಳುತ್ತಿದ್ದರು.

ಅಕ್ಕ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಏನಂದ್ರೋ ತಮ್ಮಾ ಡಾಕ್ಟ್ರು?"

ಅವಳ ಮುಖ ನೋಡಿದೆ. ಆ ಮುಖಕ್ಕೆ ಆ ಮಾತನ್ನು ಹೇಳುವುದು ಒರಟು ಎನಿಸಿತು. ಮೂವತ್ತೊಂದು ವರ್ಷ ಒಂದು ಪದದ ಬದಲಿಗೆ ಇನ್ನೊಂದನ್ನು ಹುಡುಕುವ ಚಟವನ್ನೇ ಮಕ್ಕಳಿಗೆ ಅಂಟಿಸಿದವನಿಗೆ ಮೆತ್ತಗಿನ ಮಾತು ಹುಡುಕುವುದು ಎಷ್ಟರ ಕೆಲಸ?

"ಏನಿಲ್ಲಕ್ಕಾ. ಬೆರಳಿಗೆ ಒಂದು ಸಣ್ಣ ಕೆಲಸ ಮಾಡಬೇಕಂತ. ಅಲ್ಲೀತನಾ ನಡೀಬಾರದಂತ, ಅಷ್ಟ."

"ಅರ್ಜೆಂಟ್ ಐತೇನು? ಯುಗಾದಿಗೆ ಪಾದಯಾತ್ರಿಯವ್ರು ಬರ್ತಾರಲ್ಲೋ."

ಇಲ್ಲಿ ನಾನು ಹೌದು ಎನ್ನಬೇಕಾಗಿತ್ತು. ಎರಡಕ್ಷರ. "ನೋಡೂಣಂತ. ಅವರು ಹೋದ ಮ್ಯಾಲೆ ಬಂದ್ರಾತು" ಎಂದೆ. ಈವತ್ತು ಅವಳು ಹೆದರುವುದು ಬೇಡ, ಎರಡು ದಿನ ಬಿಟ್ಟು ಮನೆಗೆ ಹೋಗಿ ಬಸುವಿನ ಮುಂದೆ ಸಾವಕಾಶ ಹೇಳಿದರಾಯಿತು ಎಂದು ನನ್ನ ಲೆಕ್ಕ. ಅಕ್ಕ ಉಸಿರುಬಿಟ್ಟಳು. ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಾಗ ಮೊಮ್ಮಕ್ಕಳಿಗೆಂದು ಕರದಂಟು ಕೊಡಿಸು ಎಂದಳು. ಒಂದು ತುಣುಕು ಮುರಿದು ನನ್ನ ಕೈಗಿಟ್ಟು, "ತಿನ್ನು, ಇವತ್ತ ಒಂದ ದಿನ. ನಾ ಭಾಳ ಅಂಜಿದ್ದೆ ನೋಡು" ಎಂದು ನಕ್ಕಳು. ತಿಂದೆ. ಸಿಹಿಯಾಗಿಯೇ ಇತ್ತು, ಅದೇ ನನಗೆ ಇವತ್ತಿಗೂ ಸಹಿಸಲಾಗದ ಸಂಗತಿ.

ಎರಡು ದಿನ ಬಿಟ್ಟು ನಾನು ಹೋಗಲಿಲ್ಲ. ಒರಟು ಮಾತನ್ನು ಒಮ್ಮೆ ಮುಂದೂಡಿದರೆ ಮರುದಿನ ಅದು ಇನ್ನಷ್ಟು ಒರಟಾಗುತ್ತದೆ. ಮೂರನೆಯ ದಿನ ಹೆಂಡತಿ, "ಅಕ್ಕಾರ ಕಾಲು ಏನಾತ್ರಿ?" ಎಂದು ಕೇಳಿದಳು. "ಯುಗಾದಿ ಆಗಲಿ" ಎಂದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳು. ಫೋನ್ ಮಾಡಿದಾಗಲೆಲ್ಲ ಅಕ್ಕ ಖುಷಿಯಿಂದಲೇ ಇದ್ದಳು. "ನೀ ಹೇಳಿದಂಗ ಒಂದು ಹೆಜ್ಜಿ ಸೈತ ನಡದಿಲ್ಲ ನೋಡು. ನೀರು ಸೈತ ಸೊಸಿ ತಂದುಕೊಡ್ತಾಳ" ಎನ್ನುತ್ತಿದ್ದಳು. ಶಾಣ್ಯಾ ವಿದ್ಯಾರ್ಥಿ ಮನೆಪಾಠ ಒಪ್ಪಿಸಿದಷ್ಟು ಸಮಾಧಾನವಾಗುತ್ತಿತ್ತು ನನಗೆ. ಹೀಗೆ ಹನ್ನೆರಡು ದಿನ ಹೋದವು.

ಪಾದಯಾತ್ರೆಯವರು ಬಂದ ದಿನ ಇಳಕಲ್ಲಿಗೆ ಹೋದೆ. ಹಂದರದ ತುಂಬ ಧೂಳು ಮೆತ್ತಿದ ಕಾಲುಗಳು. ಅಕ್ಕ ತನ್ನ ಜಾಗದಲ್ಲಿ ಬಿಸಿನೀರು ಇಟ್ಟುಕೊಂಡು ಕೂತಿದ್ದಳು. ತೊಡೆಯ ಮೇಲೆ ಯಾರೋ ಅಪರಿಚಿತನ ಪಾದ. ಅದಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ಅವಳ ಬಲಗಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಅದರ ಮೇಲೆ ಹಳೆಯ ಧೋತರದ ಅರಿವೆ ಕಟ್ಟಿದ್ದರು. ಹತ್ತಿರ ಹೋದಾಗ ವಾಸನೆ ಬಂತು. ಬಸು ನನ್ನನ್ನು ಆಚೆ ಕರೆದ.

"ಮಾಮಾ, ಎರಡು ದಿನದಿಂದ ಜ್ವರಾ ಅದಾವ್ರಿ. ಹೇಳಿದ್ರ ಕೇಳವಲ್ಲಳು. ತಮ್ಮ ನಡೀಬ್ಯಾಡ ಅಂದಾನ, ನಾ ನಡದಿಲ್ಲ ಅಂತಾಳ."

"ಮತ್ತ ಇಷ್ಟು ದಿನ ಏನ ಮಾಡತಿದ್ಲು?"

"ಏನ ಮಾಡ್ತಾಳ್ರಿ, ಮಗ್ಗಕ್ಕ ಕುಂತಿದ್ಲು. ಅಡ್ಡಾಡೂದು ತಪ್ಪಿತಂತ ಇನ್ನೂ ಹೆಚ್ಚು ಕುಂತ್ಲು. ಎರಡು ಸೀರಿ ಇಳಿಸ್ಯಾಳ."

ಮುಂಜಾನೆಯಿಂದ ಹೊತ್ತು ಮುಳುಗುವ ತನಕ, ಹನ್ನೆರಡು ದಿನ, ಆ ಕತ್ತಲ ಕುಣಿಯಲ್ಲಿ ಆ ಕಪ್ಪು ಬೆರಳುಗಳು ತುಳಿಹಲಗೆಯನ್ನು ಒತ್ತಿದ್ದವು. ಒಂದು ಸೀರೆಗೆ ಎಷ್ಟು ಸಾವಿರ ಸಲ ಒತ್ತಬೇಕೋ ನನಗೆ ಗೊತ್ತಿಲ್ಲ. ಮಗ್ಗದ ಮನೆಯ ಸೊಸೆಯ ತಮ್ಮನಾಗಿ ಇಷ್ಟು ವರ್ಷ ಆ ಮನೆಯಲ್ಲಿ ಉಂಡಿದ್ದೇನೆ, ಒಮ್ಮೆಯೂ ಬಗ್ಗಿ ಕುಣಿಯೊಳಗೆ ನೋಡಿರಲಿಲ್ಲ. ಅವಳು ಮಾತು ಮೀರಿರಲಿಲ್ಲ. ನಾನು ಹೇಳಿದ್ದಷ್ಟನ್ನೇ ಚಾಚೂ ತಪ್ಪದೆ ಪಾಲಿಸಿದ್ದಳು. ಹೇಳದೇ ಉಳಿದದ್ದನ್ನು ಪಾಲಿಸಲು ಅವಳಿಗೆ ಹೇಗೆ ಬರಬೇಕು?

ಅವತ್ತೇ ಮಧ್ಯಾಹ್ನ ಬಾಗಲಕೋಟೆಗೆ ಕರೆದೊಯ್ದೆವು. ಡಾಕ್ಟರು ಅರಿವೆ ಬಿಚ್ಚಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ನಾನು ಒಂದು ವಾರ ಎಂದು ಹೇಳಿದ್ದೆನಲ್ಲ, ನೀವು ಅವರಿಗೆ ತಿಳಿಸಲಿಲ್ಲವೇ ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯವಿತ್ತು. ಮರುದಿನ ಮೊಳಕಾಲಿನ ಕೆಳಗೆ ಕಾಲು ತೆಗೆದರು.

ಅಕ್ಕ ಬದುಕಿದಳು. ನೋಡಲು ಬಂದವರೆಲ್ಲ, ಮಾಸ್ತರರು ಇದ್ದದ್ದಕ್ಕೆ ಇಷ್ಟಾದರೂ ಆಯಿತು, ಇಂಗ್ಲಿಷ್ ಬಲ್ಲವರು ಹತ್ತಿರ ಇರಬೇಕು ನೋಡ್ರಿ ಎಂದು ನನ್ನನ್ನು ಹೊಗಳಿದರು. ವಾರ್ಡಿನ ಕಾರಿಡಾರಿನಲ್ಲಿ ಅದನ್ನು ಕೇಳಿಸಿಕೊಂಡು ನಿಂತಿರುವುದಕ್ಕಿಂತ ಬೈಸಿಕೊಳ್ಳುವುದು ಸುಲಭವಿತ್ತು. ತಡೆಯಲಾಗದೆ ಒಂದು ದಿನ ಕೂಡಲಸಂಗಮಕ್ಕೆ ಹೋಗಿ ಹೊಳೆಯ ಮೆಟ್ಟಿಲ ಮೇಲೆ ಕೂತೆ. ಎರಡು ನದಿ ಕೂಡುವಲ್ಲಿ ನೀರು ಸುಮ್ಮನಿತ್ತು. ಅಲ್ಲಿ ಕೂತು ನಾನು ಮಾಡಿದ ಕೆಲಸವೆಂದರೆ ನನ್ನನ್ನು ನಾನು ಬಿಡಿಸಿಕೊಳ್ಳಲು ವಾದ ಹುಡುಕಿದ್ದು. ಅವಳ ಮೇಲಿನ ಪ್ರೀತಿಗೆ ಹೇಳಲಿಲ್ಲ ಎಂದುಕೊಂಡೆ. ಸುಳ್ಳು. ಅವಳು ಅಳುವುದನ್ನು ನೋಡುವ ಧೈರ್ಯ ನನಗಿರಲಿಲ್ಲ, ಅಷ್ಟೇ. ಅಂಜಿದವನು ನಾನು, ಅವಳನ್ನು ಮುಂದೆ ಮಾಡಿದ್ದೆ.

ದವಾಖಾನೆಯಿಂದ ಮನೆಗೆ ಬಂದು ತಿಂಗಳಾದ ಮೇಲೆ, ನಾವಿಬ್ಬರೇ ಇದ್ದ ಒಂದು ಮಧ್ಯಾಹ್ನ, ಅಕ್ಕ ಹಾಸಿಗೆಯಲ್ಲಿ ಗೋಡೆಗೆ ಒರಗಿ ಕೂತವಳು ಕೇಳಿದಳು.

"ಮೊದಲ ಸಲ ಹೋದಾಗ ಡಾಕ್ಟ್ರು ಎಷ್ಟು ದಿನದಾಗ ಬಾ ಅಂದಿದ್ರು?"

"ಒಂದು ವಾರದಾಗ."

"ಏನ ತೆಗಿತೇನಂದಿದ್ರು?"

"ಎರಡು ಬೆರಳು."

ಅವಳು ತನ್ನ ಎರಡು ಕೈಬೆರಳುಗಳನ್ನು ಎತ್ತಿ ನೋಡಿಕೊಂಡಳು. "ಮತ್ತ ಯಾಕ ಹೇಳಲಿಲ್ಲ?"

"ನೀ ಅಂಜತಿ ಅಂತ."

"ಅಂಜತಿದ್ದೆ" ಎಂದಳು ಅಕ್ಕ. "ಅಂಜಿದ್ರ ಬರತಿದ್ದೆ."

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದಳು. ಆಮೇಲೆ ನನ್ನೊಡನೆ ಮಾತು ಬಿಟ್ಟಳು. ನಾನು ಹೋಗುತ್ತಿದ್ದೆ, ಸೊಸೆ ಚಹಾ ಕೊಡುತ್ತಿದ್ದಳು, ಬಸು ಮಗ್ಗದಿಂದಲೇ ಮಾತಾಡಿಸುತ್ತಿದ್ದ, ಅಕ್ಕ ನಾನಿಲ್ಲದ ಹಾಗೆ ಮಗ್ಗದ ಹಾಸಿನ ಎಳೆ ಬಿಡಿಸುತ್ತ ಕೂತಿರುತ್ತಿದ್ದಳು. ಆ ತಿಂಗಳುಗಳಲ್ಲಿ ನನಗೆ ಹುನಗುಂದದಿಂದ ಇಳಕಲ್ಲಿನ ಬಸ್ಸು ಹತ್ತುವುದೇ ದೊಡ್ಡ ಕೆಲಸವಾಗಿತ್ತು. ಬೆಳಗಿನ ಮೈದಾನವನ್ನೂ ಬಿಟ್ಟೆ. ಆ ವ್ಯಾಪಾರಿ ಯಾಕ್ರಿ ಮಾಸ್ತರ್ರ, ವಾಕಿಂಗ್ ಬಿಟ್ಟಿರಲ್ಲ ಎಂದು ಕೇಳಿದರೆ ಮೊಳಕಾಲು ನೋವು ಎನ್ನುತ್ತಿದ್ದೆ. ಎರಡು ಗಟ್ಟಿ ಕಾಲಿರುವವನು ಆಡುವ ಸುಳ್ಳು ಅದು.

ದೀಪಾವಳಿ ಆದ ಮೇಲೆ ಕೃತಕ ಕಾಲು ಬಂತು. ಅವತ್ತೇ ಸಂಜೆ ಬಸು ಫೋನ್ ಮಾಡಿ, "ಅವ್ವ ಬಾ ಅಂದಾಳ್ರಿ ಮಾಮಾ" ಎಂದ. ಹೋದಾಗ ಅಕ್ಕ ಚೌಕಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ನಿಂತದ್ದನ್ನು ನೋಡಿ ಎಂಟು ತಿಂಗಳಾಗಿತ್ತು.

"ದಿನಾ ಸಂಜೀಕ ನಡೀಬೇಕಂದಾರ. ಬಸೂಗ ಮಗ್ಗ ಐತಿ. ನಿನಗೇನರ ಕೆಲಸ ಐತೇನು?"

"ಇಲ್ಲಕ್ಕಾ."

"ಹಂಗಾರ ದಿನಾ ಬಾ."

ಇದು ಕ್ಷಮೆಯಲ್ಲ ಎಂದು ನನಗೆ ಗೊತ್ತಿತ್ತು. ಯಾರಾದರೊಬ್ಬರು ಬೇಕಾಗಿತ್ತು, ನಾನು ಖಾಲಿ ಇದ್ದೆ. ಮರುದಿನದಿಂದ ನಾಲ್ಕರ ಬಸ್ಸಿಗೆ ಹೋಗತೊಡಗಿದೆ. ಮನೆಯಿಂದ ಓಣಿಯ ತುದಿಯ ಬೇವಿನಮರದ ತನಕ, ಅಲ್ಲಿಂದ ಮನೆಗೆ. ಅಕ್ಕ ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದು ಕೈಯಿಂದ ಮನೆಮನೆಯ ಗೋಡೆ ಸವರುತ್ತ ಹೋಗುತ್ತಿದ್ದಳು. ನಾನು ಮೊದಲ ದಿನ ಕೈಚಾಚಿದಾಗ ಹಿಡಿಯದೆ ಗೋಡೆಯನ್ನೇ ಹಿಡಿದಳು. ಆಮೇಲೆ ನಾನು ಕೈಚಾಚಲಿಲ್ಲ. ಒಂದಾಳು ದೂರದಲ್ಲಿ ಪಕ್ಕಕ್ಕೆ ನಡೆಯುತ್ತಿದ್ದೆ. ಅವಳ ವೇಗಕ್ಕೆ ನಡೆಯುವುದು ಸುಲಭವಲ್ಲ. ಕಾಲು ಎತ್ತಿ ಕಾಯಬೇಕು. ಎರಡೂ ಬದಿಯ ಮನೆಗಳ ಮಗ್ಗದ ಸಪ್ಪಳ ಕೇಳುತ್ತ, ತಿಂಗಳೊಪ್ಪತ್ತು ಹೀಗೇ ನಡೆದೆವು.

ಮೊನ್ನೆ ಎದುರುಮನೆಯ ಶಾಂತವ್ವ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತವಳು, "ಅಯ್ಯ, ಮೊದಲಿನಂಗ ನಡಿಯಾಕತ್ತೀ ನೋಡವ್ವ ನೀಲವ್ವಾ! ಗೊತ್ತ ಆಗಂಗಿಲ್ಲ" ಎಂದಳು. ಅಕ್ಕ ನಕ್ಕು ಮುಂದೆ ಹೋದಳು. ನಾಲ್ಕು ಮನೆ ದಾಟಿದ ಮೇಲೆ ನಿಂತಳು. ಅಲ್ಲೊಂದು ಮನೆ ಬಿದ್ದು ಖುಲ್ಲಾ ಜಾಗವಾಗಿದೆ, ಹಿಡಿಯಲು ಗೋಡೆ ಇಲ್ಲ.

"ನೀ ಹೇಳು" ಎಂದಳು, ನನ್ನ ಕಡೆ ನೋಡದೆ. "ಹೆಂಗ ನಡಿಯಾಕತ್ತೀನಿ?"

ಬಾಯಿಗೆ ಮೆತ್ತಗಿನ ಮಾತೇ ಮೊದಲು ಬಂತು. ಚಲೋ ನಡಿಯಾಕತ್ತೀ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳ ಹಣೆಯ ಮೇಲೆ ಬೆವರಿತ್ತು.

"ಕುಂಟಾಕತ್ತೀ ಅಕ್ಕಾ" ಎಂದೆ. "ಬಲಕ್ಕ ಭಾಳ ವಾಲತಿ. ಹಿಂಗ ನಡೆದ್ರ ಬೀಳತಿ."

ಅಕ್ಕ ತಲೆ ತಗ್ಗಿಸಿ ತನ್ನ ಎರಡೂ ಪಾದಗಳನ್ನು ನೋಡಿದಳು. ಸೊಂಟ ನೆಟ್ಟಗೆ ಮಾಡಿದಳು. ಕೋಲನ್ನು ಸರಿಯಾಗಿ ಊರಿ, ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿದಳು.

"ಹಿಡಿ ಮತ್ತ" ಎಂದಳು.